ಸಾಬೂನಿನ ಹಾಡಿನ ಮೂರನೇ ಸಾಲು

ನನ್ನ ಕೆಲಸ ಮಂಜು ಸುರಿಸುವುದು.
ಜನವರಿಯಲ್ಲಿ, ಮಾಂಟೆವಿಡಿಯೋದ ಕುದಿವ ಬೇಸಿಗೆಯಲ್ಲಿ,
ಕಾಗದದ ಪುಡಿ, ನೊರೆ, ಎರಡು ದೊಡ್ಡ ಫ್ಯಾನು.
ಹಳೆಪೇಟೆಯ ಓಣಿಯೊಂದು ಮಧ್ಯಾಹ್ನದೊಳಗೆ
ಯುರೋಪಿನ ಯಾವುದೋ ಊರಾಗಬೇಕು,
ಉಣ್ಣೆಕೋಟಿನ ಹುಡುಗಿ ಬೆವರದೆ ನಗಬೇಕು,
ಆ ನಗೆಯಡಿ ಒಂದು ಬ್ಯಾಂಕು
ತನ್ನ ಹೆಸರು ಬರೆದುಕೊಳ್ಳಬೇಕು.

ನೀಡಿಯಾ ಲಾರ್ರೋಸಾ ಡೈರೆಕ್ಟರ ಕುರ್ಚಿಯಲ್ಲಿ ಕೂರುವವಳಲ್ಲ.
ಮರದ ಪೆಟ್ಟಿಗೆಯ ಮೇಲೆ ನಿಂತು
ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು,
ಅಂಗೈಯಲ್ಲಿ ಕಹಿಸೊಪ್ಪಿನ ಸೋರೆಬುರುಡೆ,
'ಇನ್ನೊಂದ್ಸಲ' ಅನ್ನುತ್ತಾಳೆ.
ಹದಿನೇಳು ಸಲ ಇನ್ನೊಂದ್ಸಲ ಅನ್ನುತ್ತಾಳೆ.
ಹಗಲಿಡೀ ಕಟ್ ಅನ್ನುವುದು ಅವಳ ಹೊಟ್ಟೆಪಾಡು,
ರಾತ್ರಿ ಕಟ್ಟುವುದು ಹಾಡು.

ಸುಳ್ಳು ನಮಗೆ ಹೊಸದಲ್ಲ.
ಐಸ್‌ಕ್ರೀಮು ಅಂದರೆ ಕಲಸಿದ ಆಲೂಗಡ್ಡೆ,
ಬಟ್ಟಲ ಹಾಲು ಬಿಳಿಯ ಅಂಟು,
ಸೂಪಿನ ಹಬೆ, ಮೇಜಿನಡಿ ಅವಿತ ಹುಡುಗ ಬಿಟ್ಟ ಬೀಡಿಹೊಗೆ.
ಬೇಸರವಾಗಲ್ಲವೇ ಅಂತ ಒಮ್ಮೆ ಕೇಳಿದೆ.
'ಮೂವತ್ತು ಸೆಕೆಂಡಿನಲ್ಲಿ ಒಬ್ಬ ಮನುಷ್ಯ
ಬಾಗಿಲು ತೆರೆದು ಒಳಗೆ ಬರಬಹುದು.
ಅಷ್ಟು ನನ್ನದು. ಮಿಕ್ಕಿದ್ದು ಸಾಬೂನಿನವರದು.'

ಶಾಟುಗಳ ಪಟ್ಟಿಯ ಬೆನ್ನಿಗೆ ಅವಳ ಪೆನ್ಸಿಲು ಹರಿಯುತ್ತದೆ.
ಈ ಕಡೆ: 'ಏಳು. ಕೈ, ಲೋಟ, ಹತ್ತಿರದಿಂದ.'
ಆ ಕಡೆ: 'ಬಂದರಿನ ಕ್ರೇನುಗಳಿಗೆ
ಮಲಗಲು ಯಾರೂ ಕಲಿಸಲಿಲ್ಲ.'
ಬುಧವಾರ ಬಾರೊಂದರಲ್ಲಿ ಹನ್ನೊಂದು ಜನರಿಗೆ ಹಾಡುತ್ತಾಳೆ.
ಅದರಲ್ಲಿ ನಾಲ್ವರು ಅವಳ ಕೈಕೆಳಗಿನವರು,
ಕೆಲಸದ ಭಯಕ್ಕೆ ಬಂದವರು. ಐದನೆಯವನು ನಾನು,
ಭಯಕ್ಕಲ್ಲ.

ಅವಳ ಒಂದೇ ಒಂದು ಹಾಡು ಊರಿಗೆಲ್ಲ ಬರುತ್ತದೆ,
ಎಂಬತ್ತಮೂರರಲ್ಲಿ ಗಾರ್ಸಿತಾ ಸಾಬೂನಿಗೆ ಬರೆದದ್ದು.
*ತಂತಿಯ ಮೇಲೆ ಗಾಳಿ, ಗಾಳಿಯ ತುಂಬ ಬಿಳಿ,*
*ಬೆಳಗಾಯಿತು, ಗಾರ್ಸಿತಾ, ಬೆಳಗಾಯಿತು.*
ಮೂರನೇ ಸಾಲಿಗೆ ಕಂಪನಿಯ ಯಜಮಾನ ಕತ್ತೆತ್ತಿದನಂತೆ.
ಬೂಟುಗಳ ಕಾಲ ಅದು, ಗೋಡೆಗೂ ಎದೆ ಹೊಡೆದುಕೊಳ್ಳುತ್ತಿತ್ತು.
'ಬಾರದವನು ಅಂದರೆ ಯಾರಮ್ಮ?
ನಮ್ಮ ಗಿರಾಕಿಗಳ ಮನೆಗೆ ಎಲ್ಲರೂ
ಸಂಜೆ ಆರಕ್ಕೆ ಬಂದೇ ಬರುತ್ತಾರೆ.'
ಸಾಲು ಹೋಯಿತು. ಅದರ ಜಾಗಕ್ಕೆ
ನಿಂಬೆಯ ಪರಿಮಳ ಬಂತು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ.
ಮೊನ್ನೆ ವ್ಯಾನು ಕೆಟ್ಟು, ಇಬ್ಬರೂ ಬಸ್ಸು ಹತ್ತಿದೆವು.
ಮೂರನೇ ನಿಲ್ದಾಣದಲ್ಲಿ ಗಿಟಾರಿನ ಹುಡುಗನೊಬ್ಬ ಹತ್ತಿದ,
ಕಂಬಿಗೆ ಸೊಂಟ ಆನಿಸಿ, 'ಹಳೆಯ ಜನಪದ ಗೀತೆ,
ಕಟ್ಟಿದವರು ಯಾರೋ ಗೊತ್ತಿಲ್ಲ' ಅಂದು
ಸಾಬೂನಿನ ಹಾಡನ್ನು ಇಷ್ಟು ನಿಧಾನ ಎಳೆದ,
ಅದು ಲಾಲಿಯಾಯಿತು, ಹೆಣ ಕಾಯುವವರ ಹಾಡಾಯಿತು.
ಎರಡು ಸಾಲು ಹಾಡಿ ಮೂರನೆಯದಕ್ಕೆ ಗುನುಗಿದ.
ಮರೆತಿದ್ದ. ನಿಂಬೆ ಯಾರ ನೆನಪಿನಲ್ಲಿರುತ್ತದೆ?

ಕಿಟಕಿಯಿಂದ ಮುಖ ತಿರುಗಿಸದೆ ನೀಡಿಯಾ ಹೇಳಿದಳು:
*ಬಾರದವನ ಅಂಗಿಯನ್ನೂ ಒಗೆದು ಹರವಿದ್ದೇನೆ.*

ಹುಡುಗ ಬೆರಳೆಣಿಸಿದ. 'ಒಂದು ಅಕ್ಷರ ಜಾಸ್ತಿ, ಅಮ್ಮ.'
'ಹೌದು. ಅಲ್ಲಿ ಉಸಿರು ತಗೋ.'
ತಗೊಂಡ. ಹಾಡಿದ. ಸರಿಹೋಯಿತು.
ಮುಂದಿನ ಸೀಟಿನ ಮುದುಕಿ ಚೀಲದ ಜಿಪ್ಪು
ಎಳೆಯುತ್ತಿದ್ದವಳು ಅರ್ಧಕ್ಕೇ ಬಿಟ್ಟಳು.
'ನಿಮಗೆ ಹೇಗೆ ಗೊತ್ತು?'
'ನಮ್ಮ ಮನೆಯಲ್ಲಿ ಹೀಗೆ ಹೇಳುತ್ತಿದ್ದರು.'

ಟೋಪಿಗೆ ಇಪ್ಪತ್ತು ಪೆಸೊ ಹಾಕಿದಳು, ಎಲ್ಲರಂತೆ.
ಅವಳ ಕೂದಲಲ್ಲಿ ನನ್ನ ಮಂಜು ಇನ್ನೂ ಇತ್ತು,
ಕಾಗದದ್ದಲ್ಲವೇ, ಕರಗುವ ಜಾತಿಯಲ್ಲ.
ಹೇಳಲೋ ಬೇಡವೋ ಅಂತ ನಾನು ನೋಡುತ್ತಿರುವಾಗ
ಅವಳ ನಿಲ್ದಾಣ ಬಂತು. ಮೆಟ್ಟಿಲಲ್ಲಿ ತಿರುಗಿ,
'ಎವಾರಿಸ್ತೊ, ನಾಳೆ ಐದಕ್ಕೆ,' ಅಂದಳು,
'ಮತ್ತೆ, ಮಂಜು ಇಷ್ಟು ದಪ್ಪ ಬೇಡ.'